ದೀಪದ ಸುತ್ತಲಿನ ಬಳೆ

ಶ್ರೀಗುರುವಿನ ಪಾದಗಳನ್ನು ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡು, ಒಂದೇ ಕಣ್ಣಿನಿಂದ ಈ ಬರಹವನ್ನು ಆರಂಭಿಸುತ್ತಿದ್ದೇನೆ. ಬಲಗಣ್ಣು ಹೋಗಿ ಹನ್ನೆರಡು ವರ್ಷಗಳಾದವು. ಎಡಗಣ್ಣು ಉಳಿದಿದೆ, ಅದರಲ್ಲಿಯೂ ಅಂಚುಗಳೆಲ್ಲ ಮಸುಕು, ನಡುವೆ ಮಾತ್ರ ಬೆಳಕು. ಆ ನಡುವಿನ ಬೆಳಕಿನಲ್ಲಿ ಒಂದು ಸಾಲು ಬರೆದು, ಅದನ್ನು ಓದಿ ನೋಡಿ, ಮುಂದಿನ ಸಾಲಿಗೆ ಇಳಿಯುತ್ತೇನೆ. ಕಣ್ಣಿನ ಬಾಧೆಯಲ್ಲಿರುವವರು, ಅವರಿಗಿಂತ ಹೆಚ್ಚಾಗಿ ಅದನ್ನು ಬಾಧೆಯೆಂದು ಅರಿಯದೆ ಹರ್ಷಪಡುತ್ತಿರುವವರು, ಇದನ್ನು ಓದಲಿ. ಓದಲಾಗದವರು ಮತ್ತೊಬ್ಬರಿಂದ ಓದಿಸಿ ಕೇಳಲಿ. ಇಷ್ಟೇ ನನ್ನ ಉದ್ದೇಶ.

ನಮ್ಮದು ಉಮರಗಾದ ಒಕ್ಕಲು ಮನೆತನ. ಬಾಲ್ಯದಲ್ಲಿ ನನ್ನನ್ನು ಮಠಕ್ಕೆ ಬಿಟ್ಟಿದ್ದರಿಂದ ಸಂಸ್ಕೃತವೂ ಹಳಗನ್ನಡವೂ ಒಲಿದವು. ಊರಿನ ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ; ನಮ್ಮ ಕನ್ನಡದ ಪುರಾಣಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಹುಳು ಹಿಡಿಯುತ್ತಿದ್ದವು. ಅವನ್ನು ಹುಡುಕಿ ತಂದು ಪ್ರತಿ ಮಾಡುವುದೇ ನನ್ನ ಜೀವನದ ಕೆಲಸವಾಯಿತು. ಹೊಲವನ್ನು ತಮ್ಮಂದಿರು ನೋಡಿಕೊಂಡರು. ನನ್ನ ಕಣ್ಣುಗಳು ಅಕ್ಷರಕ್ಕಾಗಿ ಮತ್ತು ಲಿಂಗಪೂಜೆಗಾಗಿ ಮಾತ್ರ ಇವೆಯೆಂದು ನಾನು ಭಾವಿಸಿದ್ದೆ.

ಈ ಪೂಜೆಯ ಕ್ರಮವನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಕೊರಳಿನ ಕರಡಿಗೆಯೆಂಬ ಭರಣಿಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇರಿಸಿಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಕದಲಿಸದೆ ನೋಡುತ್ತೇವೆ. ಲಿಂಗದ ಮೇಲಿನ ಕರಿಯ ಲೇಪ ಕನ್ನಡಿಯಂತೆ ನುಣುಪಾಗಿರುತ್ತದೆ. ಬದಿಯಲ್ಲಿಟ್ಟ ದೀಪದ ಕುಡಿ ಅದರೊಳಗೆ ಸಾಸಿವೆಕಾಳಿನಷ್ಟು ಬೆಳಕಾಗಿ ನಿಲ್ಲುತ್ತದೆ. ಆ ಬಿಂದುವಿನಲ್ಲಿ ದೃಷ್ಟಿ ನಿಂತರೆ ಮನಸ್ಸು ನಿಲ್ಲುತ್ತದೆ. ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ ನೀಲಮ್ಮ. ತಾಯಿ ತೀರಿಕೊಂಡಾಗ ನನಗೆ ಐದು ವರ್ಷ, ಅವಳಿಗೆ ಹನ್ನೆರಡು. ನನ್ನ ಅಂಗೈಯ ಕೆಳಗೆ ತನ್ನ ಅಂಗೈಯನ್ನಿಟ್ಟು, "ಅಲ್ಲಾಡಬ್ಯಾಡ ತಮ್ಮಾ, ಅವ್ವ ಒಳಗಿಂದ ನೋಡ್ಲಾಕತ್ತಾಳ" ಎನ್ನುತ್ತಿದ್ದಳು. ಮುಂದೆ ಅವಳನ್ನು ನಿಲಂಗಾದ ಕಿರಾಣಿ ವ್ಯಾಪಾರಿಯ ಮನೆಗೆ ಕೊಟ್ಟರು.

ಹಳೆಯ ನಿಜಾಮರು ತೀರಿ ಹೊಸಬರು ಗಾದಿಗೆ ಬಂದ ಕಾಲ ಅದು. ನನಗೆ ಐವತ್ತು ದಾಟಿತ್ತು. ಒಂದು ಸಂಜೆಯ ಪೂಜೆಯಲ್ಲಿ ಲಿಂಗದೊಳಗಿನ ಬೆಳಕಿನ ಬಿಂದುವಿನ ಸುತ್ತ ಬಣ್ಣದ ಬಳೆಯೊಂದು ಮೂಡಿತು. ಹೊರಗೆ ಕೆಂಪು, ನಡುವೆ ಹಳದಿ, ಒಳಗೆ ನೀಲಿ. ತಲೆಯೆತ್ತಿ ದೀಪವನ್ನು ನೋಡಿದೆ. ಅದರ ಸುತ್ತಲೂ ಅದೇ ಬಳೆ, ಇನ್ನೂ ದೊಡ್ಡದು. ದೃಷ್ಟಿ ಪಕ್ವವಾದವರಿಗೆ ಬೆಳಕುಗಳು ತೋರುತ್ತವೆ ಎಂದು ಶಾಸ್ತ್ರಗಳಲ್ಲಿ ಓದಿ, ಓದಿದ್ದನ್ನು ಕೈಯಾರೆ ಪ್ರತಿ ಮಾಡಿದ್ದವನು ನಾನು. ಅಂಥವನು ಬೇರೇನೆಂದುಕೊಂಡಾನು? ಕಣ್ಣಿನಿಂದ ನೀರಿಳಿಯಿತು. ನಲವತ್ತೈದು ವರ್ಷ ಹಿಡಿದ ಅಂಗೈ ಕೊನೆಗೂ ಸಾರ್ಥಕವಾಯಿತೆಂದು ನೆಲಕ್ಕೆ ಹಣೆಯಿಟ್ಟೆ.

ಬಳೆ ದಿನವೂ ಬರುತ್ತಿರಲಿಲ್ಲ. ಬೆಳಗಿನ ಪೂಜೆಯಲ್ಲಂತೂ ಇಲ್ಲವೇ ಇಲ್ಲ. ಸಂಜೆ, ಅದೂ ಕೋಣೆ ಕತ್ತಲಾಗಿದ್ದಾಗ ಹೆಚ್ಚು ಸ್ಪಷ್ಟವಾಗಿ ಬರುತ್ತಿತ್ತು. ಆದ್ದರಿಂದ ನಾನು ಕಿಟಕಿಗೆ ಕಂಬಳಿ ಕಟ್ಟಿಸಿದೆ, ಬಾಗಿಲು ಹಾಕಿಸಿದೆ, ಬತ್ತಿಯನ್ನು ಸಣ್ಣದು ಮಾಡಿದೆ, ಹೊತ್ತನ್ನು ಹೆಚ್ಚಿಸಿದೆ. ಕೆಲವು ಸಂಜೆ ಹುಬ್ಬಿನ ಮೇಲೆ ಮೊಳೆ ಬಡಿದಂತೆ ನೋವು ಬಂದು ವಾಂತಿಯಾಗುತ್ತಿತ್ತು. ತಪಸ್ಸಿನ ಕಾವೆಂದು ಗಂಧ ಹಚ್ಚಿಕೊಂಡು ಮಲಗುತ್ತಿದ್ದೆ. ಮಲಗಿ ಎದ್ದರೆ ನೋವೂ ಇಲ್ಲ, ಬಳೆಯೂ ಇಲ್ಲ.

ನನ್ನ ಹೆಂಡತಿ ಗೌರಮ್ಮನೊಬ್ಬಳಿಗೆ ಹೇಳಿದ್ದೆ. ಅವಳು ಯಾರಿಗೂ ಹೇಳಲಿಲ್ಲವಂತೆ. ಆದರೂ ತಿಂಗಳೊಳಗೆ ಓಣಿಗೆಲ್ಲ ತಿಳಿಯಿತು. ಸೋಮವಾರ ಬಂದು ಪಾದ ಮುಟ್ಟಿ ಹೋಗುವವರು ಹೆಚ್ಚಾದರು. ನಗುತ್ತಿದ್ದವನು ಒಬ್ಬನೇ, ಕಾಳಿನ ವ್ಯಾಪಾರದ ಚನ್ನಬಸಪ್ಪ, ನನ್ನ ಬಾಲ್ಯದ ಗೆಳೆಯ.

"ಪಂಡಿತರ, ನನಗ ಒಂದ ದೀಪ ಎರಡಾಗಿ ಕಾಣಸ್ತದರೀ. ನಿಮಗ ಒಂದ ಪಟ್ಟು ಕೃಪಾ ಆಗಿದ್ರ ನನಗ ಎರಡ ಪಟ್ಟು ಆಗ್ಯದೇನು?"

"ನಿನಗ ವಯಸ್ಸಾಗ್ಯದ" ಎಂದೆ.

"ಹಂಗಾರ ನಿಮಗ ಆಗಿಲ್ಲೇನು?" ಎಂದು ಎದ್ದು ಹೋದ.

ಹೀಗೆ ಎರಡು ವರ್ಷ ನಡೆಯಿತು. ಒಂದು ಸಂಜೆ ಧೂಪದ ಹೊಗೆ ತಾಗಿ ಎಡಗಣ್ಣು ಉರಿದು ತಾನಾಗಿಯೇ ಮುಚ್ಚಿಕೊಂಡಿತು. ಅಂಗೈಯಲ್ಲಿದ್ದ ಲಿಂಗ ಕಾಣದಾಯಿತು. ಭಾರವಿದೆ, ತಂಪಿದೆ, ವಿಭೂತಿಯ ವಾಸನೆಯಿದೆ. ಲಿಂಗವಿಲ್ಲ, ಅಂಗೈಯಿಲ್ಲ, ದೀಪದ ಕಡೆಗೆ ಒಂದು ಬೂದಿ ಮೋಡ ಮಾತ್ರ. ಎಡಗಣ್ಣು ತೆರೆದಾಗ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ಬಲಗಣ್ಣು ಎಂದಿನಿಂದ ಕಾಣುತ್ತಿಲ್ಲವೆಂಬುದು ಅದರ ಒಡೆಯನಾದ ನನಗೇ ಗೊತ್ತಿರಲಿಲ್ಲ.

ಗೌರಮ್ಮ ಅತ್ತಳು. ಚನ್ನಬಸಪ್ಪ ಅಂದು ನಗಲಿಲ್ಲ. "ಉದಗೀರದ ಸರಕಾರಿ ದವಾಖಾನಿಗೆ ಹೊಸಾ ಡಾಕ್ಟರ್ ಬಂದಾರಂತ. ಮದರಾಸಿಗೆ ಹೋಗಿ ಕಣ್ಣಿನ ವಿದ್ಯಾ ಕಲತ್ಕೊಂಡು ಬಂದಾರಂತ. ನಾಳೆ ಬಂಡಿ ಕಟ್ತೀನಿ, ಸುಮ್ಮ ಹತ್ರಿ" ಎಂದ. ಕಣ್ಣಿನ ಕೇಡು ಬೇರೆ, ಬಳೆಯ ದರ್ಶನ ಬೇರೆ ಎಂದೇ ನಾನು ಆಗಲೂ ತಿಳಿದಿದ್ದೆ. ಮುಪ್ಪು ಒಂದನ್ನು ಕಸಿದುಕೊಂಡಿತು, ಗುರು ಒಂದನ್ನು ಕೊಟ್ಟನು ಎಂದು ಸಮಾಧಾನ ಮಾಡಿಕೊಂಡು ಗೌರಮ್ಮ, ಚನ್ನಬಸಪ್ಪರೊಡನೆ ಬಂಡಿ ಹತ್ತಿದೆ.

ಎರಡನೆಯ ದಿನ ನಿಲಂಗಾದಲ್ಲಿ ಅಕ್ಕನ ಮನೆಯಲ್ಲಿ ತಂಗಿದೆವು. ನನ್ನ ಬಲಗಣ್ಣಿನ ಮುಂದೆ ಅವಳು ಬೆರಳಾಡಿಸಿ ನೋಡಿದಳು. ಆಮೇಲೆ ಗೌರಮ್ಮ ಒಳಗೆ ಹೋದದ್ದನ್ನು ನೋಡಿ, ಹತ್ತಿರ ಸರಿದು ಕುಳಿತಳು.

"ತಮ್ಮಾ, ಯಾರ ಮುಂದೂ ಹೇಳಿಲ್ಲ. ನಿನಗ ಬರ್ತದಂತ ಮಂದಿ ಹೇಳ್ತಾರಲ್ಲಾ, ಆ ಬಳಿ. ನನಗೂ ಬಂದದ."

"ಯಾವಾಗಿಂದ ಅಕ್ಕಾ?"

"ದೀಪಾವಳಿ ಆದ ಮ್ಯಾಲ. ಹೊರಗ ಕೆಂಪ, ಒಳಗ ನೀಲಿ. ನಾ ಓದಿದಾಕಿ ಅಲ್ಲ, ಬರದಾಕಿ ಅಲ್ಲ. ಹಿಂಥಾಕಿಗೂ ಬರ್ತದೇನು?"

ಅವಳ ಎರಡೂ ಕೈಗಳನ್ನು ನನ್ನ ಕಣ್ಣಿಗೊತ್ತಿಕೊಂಡು ಅತ್ತೆ. "ಗುರು ನಿನ್ನ ಮರ್ತಿಲ್ಲ ಅಕ್ಕಾ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಪಾಪ ಹಗುರಾಗುತ್ತಿತ್ತು. ಆದರೆ ನಾನು ಬಲ್ಲವನಲ್ಲವೇ? ಬಾಗಿಲು ಮುಚ್ಚಿಕೊಂಡು ಕೂಡು, ಕಿಟಕಿಗೆ ಬಟ್ಟೆ ಕಟ್ಟು, ಬತ್ತಿ ಸಣ್ಣದು ಮಾಡು, ಆಗ ಚೆನ್ನಾಗಿ ನಿಲ್ಲುತ್ತದೆ ಎಂದು ಕ್ರಮವನ್ನೂ ಬೋಧಿಸಿದೆ. ಅವಳು ಶಿಷ್ಯಳಂತೆ ತಲೆಯಾಡಿಸಿದಳು.

ಉದಗೀರದ ದವಾಖಾನೆಯ ಪಡಸಾಲೆಯಲ್ಲಿ ನಮಗಿಂತ ಮೊದಲು ಬಂದವರು ಬಹಳ ಮಂದಿಯಿದ್ದರು. ಹಸಿರು ಪಟ್ಟಿ ಕಟ್ಟಿಕೊಂಡವರು, ಮಗನ ಹೆಗಲು ಹಿಡಿದವರು, ಬಿಸಿಲಿಗೆ ಬೆನ್ನು ತಿರುಗಿಸಿ ಕುಳಿತವರು. ನನ್ನ ಪಕ್ಕದಲ್ಲಿದ್ದವನು ಒಬ್ಬ ನೇಕಾರ. ಅವನ ಒಂದು ಕಣ್ಣಿನಲ್ಲಿ ಮೇಲಿನಿಂದ ಪರದೆ ಇಳಿದಂತಾಗಿ ಕತ್ತಲಾಗಿತ್ತು. ಒಳಗೆ ಹೋಗಿ ಬಂದವನನ್ನು ಏನೆಂದರೆಂದು ಕೇಳಿದೆ.

"ಕಣ್ಣಿನ ಹಿಂದಿನ ಪರದಾ ಗ್ವಾಡಿಗಿ ಮೆತ್ತಿದ ಗಿಲಾಯ ಬಿಟ್ಟಂಗ ಬಿಟ್ಟದಂತರೀ. ಅದಕ್ಕ ಇನ್ನೂ ಔಷಧ ಇಲ್ಲಂತ. ಪರದೇಶದಾಗ ಹುಡುಕ್ಲಾಕತ್ತಾರಂತ." ಅವನೇ ಮುಂದುವರಿಸಿದ: "ಇನ್ನೂ ಇಲ್ಲ ಅಂದ್ರು ನೋಡ್ರಿ. ಇಲ್ಲ ಅನ್ಲಿಲ್ಲ." ಆ ಒಂದು ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಅವನು ಮೆಟ್ಟಿಲಿಳಿದ. ಅವನಿಗಾಗಿ ನಾನು ಇಂದಿಗೂ ಪ್ರಾರ್ಥಿಸುತ್ತೇನೆ.

ಡಾಕ್ಟರ ಸಾಹೇಬರು ಬೀದರಿನ ಕಡೆಯ ಮುಸಲ್ಮಾನರು, ಮೂವತ್ತೈದರ ಆಸುಪಾಸಿನವರು. ನಮ್ಮ ಕನ್ನಡವನ್ನೇ ಉರ್ದು ಬೆರೆಸಿ ಆಡುತ್ತಿದ್ದರು. ಕತ್ತಲೆ ಕೋಣೆಯಲ್ಲಿ ನನ್ನನ್ನು ಕೂಡಿಸಿ, ಹಿಂದೆ ದೀಪವಿಟ್ಟು, ನಡುವೆ ತೂತಿರುವ ಸಣ್ಣ ಕನ್ನಡಿಯೊಂದನ್ನು ತಮ್ಮ ಕಣ್ಣಿಗೆ ಹಿಡಿದು, ನನ್ನ ಕಣ್ಣಿನೊಳಗಿನ ಗೋಡೆಯವರೆಗೂ ನೋಡಿದರು. ಮನುಷ್ಯನ ಕಣ್ಣಿನ ಗರ್ಭವನ್ನು ಮನುಷ್ಯನೇ ಇಣುಕಿ ನೋಡುವ ಕಾಲ ಬಂದಿದೆಯೆಂದು ನನಗೆ ತಿಳಿದಿರಲಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಒತ್ತಿ, "ಗೋಲಿಯಂಗ ಗಟ್ಟಿ ಅದ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕೇಳಿದರು:

"ಪಂಡಿತಜೀ, ಸಂಜೀ ಮುಂದ ದೀಪದ ಸುತ್ತ ಬಣ್ಣದ ಬಳಿ ಕಾಣಸ್ತಾವೇನು? ಹೊರಗ ಲಾಲ್, ಒಳಗ ನೀಲಾ?"

ಬಾಗಿಲ ಬಳಿ ನಿಂತಿದ್ದ ಗೌರಮ್ಮ ಹೆಮ್ಮೆಯಿಂದ ಉತ್ತರಿಸಿದಳು:

"ಕಾಣಸ್ತಾವರೀ ಸಾಹೇಬ್ರ. ಆದರ ಅದು ರೋಗ ಅಲ್ಲರೀ. ಅದು ಪೂಜಾದ ಫಲ. ಎರಡ ವರ್ಷ ಆತು. ಮಂದಿ ದರ್ಶನಕ್ಕ ಬರ್ತಾರ."

ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಎರಡ ವರ್ಷ" ಎಂದರು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ನಾನೂ ನಮಾಜ್ ಮಾಡಾಂವ. ಪೂಜಾದಾಗ ನಿಮಗ ಏನ್ ಸಿಕ್ಕದ, ಅದನ್ನ ಅಳಿಯೂ ಯಂತ್ರ ನನ್ನ ಹತ್ರ ಇಲ್ಲ. ಆದರ ಈ ಬಳಿ ಮಾತ್ರ ನಂದು. ಕಣ್ಣಾಗ ನೀರು ಬರೂ ದಾರಿ ತೆರದದ, ಹೋಗೂ ದಾರಿ ಮುಚ್ಚ್ಯದ. ಹೊಲದಾಗ ನೀರು ನಿಂತ್ರ ಬೆಳಿ ಏನಾಗ್ತದ? ಬೇರು ಕೊಳೀತದ. ಬಲಗಣ್ಣಿನ ಬೇರು ಹೋಗ್ಯದ, ಅದು ಬರೂದಿಲ್ಲ. ಎಡಗಣ್ಣ ಅರ್ಧಾ ಅದ. ಇನ್ನ ಮ್ಯಾಲ ಬಿಲ್ಕುಲ್ ಕತ್ತಲ್ಯಾಗ ಕೂಡಬ್ಯಾಡ್ರಿ. ಕತ್ತಲಿ ಅಂದ್ರ ಈ ರೋಗಕ್ಕ ಊಟ."

ಬೆಳಕನ್ನು ಬಯಸಿ ಎರಡು ವರ್ಷ ನಾನೇ ಕೈಯಾರೆ ಕತ್ತಲೆ ಮಾಡಿಕೊಂಡಿದ್ದೆ. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣೆದುರು ಬಂದದ್ದು ನನ್ನ ಕೋಣೆಯಲ್ಲ. ನಿಲಂಗಾದಲ್ಲಿ ಕಿಟಕಿಗೆ ಬಟ್ಟೆ ಕಟ್ಟಿ, ಬಾಗಿಲು ಮುಚ್ಚಿಕೊಂಡು, ನನ್ನ ಮಾತಿನಂತೆ ಬತ್ತಿ ಸಣ್ಣದು ಮಾಡುತ್ತಿದ್ದ ಅಕ್ಕ.

ಆದರೂ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲೇಬೇಕು.

ಮರುದಿನವೇ ಎಡಗಣ್ಣನ್ನು ಕೊಯ್ಯುವುದೆಂದು ನಿಶ್ಚಯವಾಯಿತು. ಇದು ಮದರಾಸಿನಲ್ಲಿ ಈಚೆಗೆ ಕಂಡುಕೊಂಡ ಕ್ರಮವೆಂದೂ, ಕಣ್ಣಿನ ಬಿಳುಪು ಕರಿಗೆ ಕೂಡುವಲ್ಲಿ ಸಣ್ಣದೊಂದು ರಂಧ್ರ ಮಾಡಿ ನೀರಿಗೆ ದಾರಿ ಬಿಡುವುದೆಂದೂ, ಕೆಲವರಿಗೆ ಫಲಿಸಿದೆ ಕೆಲವರಿಗಿಲ್ಲವೆಂದೂ ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದರು. "ಹೋದದ್ದು ಬರೂದಿಲ್ಲ. ಇದ್ದದ್ದು ಉಳೀತದ. ಅಷ್ಟೇ ನನ್ನ ವಾದಾ, ನಾ ಕೊಡೂ ಮಾತು." ಕಂಪೌಂಡರನು ಕೊರಳಿನ ಲಿಂಗವನ್ನು ತೆಗೆದಿಡಲು ಹೇಳಿದಾಗ ನಾನು ಮೇಜಿನಿಂದ ಇಳಿದುಬಿಟ್ಟೆ. ಪ್ರಾಣವಿರುವವರೆಗೆ ಅದು ದೇಹವನ್ನು ಬಿಡುವಂತಿಲ್ಲ. ಸಾಹೇಬರು ಒಂದು ನಿಮಿಷ ಯೋಚಿಸಿ, "ಕರಡಿಗಿ ಬಿಚ್ಚಿಡ್ರಿ, ಲಿಂಗಾ ತೊಳದು ಕೈಯಾಗ ಹಿಡೀರಿ. ಕೈ ಮಾತ್ರ ಅಲ್ಲಾಡಬಾರದು" ಎಂದರು. ಅಲ್ಲಾಡದಂತೆ ಹಿಡಿಯುವುದನ್ನು ನನಗೆ ಐದನೆಯ ವಯಸ್ಸಿನಲ್ಲಿಯೇ ಕಲಿಸಿದ್ದರು. ಮರಗಟ್ಟಿಸುವ ಔಷಧದ ಹನಿ ಬಿದ್ದೊಡನೆ ಕಣ್ಣು ಮರದ ತುಂಡಾಯಿತು. ನೋವಿಲ್ಲ, ರುದ್ರಾಕ್ಷಿಗೆ ತೂತು ಕೊರೆಯುವಂಥ ಒಂದು ಸಣ್ಣ ತಿರುಗು ಮಾತ್ರ ತಿಳಿಯಿತು.

ಎರಡೂ ಕಣ್ಣಿಗೆ ಪಟ್ಟಿ ಬಿಗಿದು ಹತ್ತು ದಿನ ಅಂಗಾತ ಮಲಗಿಸಿದರು. ಕೆಮ್ಮಬಾರದು, ಬಗ್ಗಬಾರದು. ಗೌರಮ್ಮ ಗಂಜಿ ಕುಡಿಸುತ್ತಿದ್ದಳು. ನಾನು ಲಿಂಗವನ್ನು ಅಂಗೈಯಲ್ಲಿಟ್ಟು, ನೋಡಲಾಗದೆ ಹೆಬ್ಬೆರಳಿನಿಂದ ಸವರುತ್ತಿದ್ದೆ. ಮೂರು ದಿನ ಅಕ್ಕನ ಮಾತನ್ನು ಎತ್ತಲಿಲ್ಲ. ಅವಳ ಹರ್ಷವನ್ನು ಕಸಿಯಲಾರೆನೆಂದು ನೆಪ ಹೇಳಿಕೊಂಡೆ. ನಿಜವೆಂದರೆ, ಅವಳಿಗೆ ಹೇಳಿದರೆ ಉಮರಗಾಕ್ಕೆಲ್ಲ ಹೇಳಿದಂತೆ. ಪಾದ ಮುಟ್ಟಿದವರು ಏನೆಂದುಕೊಂಡಾರು ಎಂಬ ಅಂಜಿಕೆ. ಕಣ್ಣು ಹೋದರೂ ಕಾಣಿಸಿಕೊಳ್ಳುವ ಆಸೆ ಹೋಗಿರಲಿಲ್ಲ.

ನಾಲ್ಕನೆಯ ಸಂಜೆ ಗೌರಮ್ಮ ದೀಪ ಹಚ್ಚಿದಳು. ಬತ್ತಿಯ ವಾಸನೆ ಬಂತು. ಈ ಹೊತ್ತಿಗೆ ಅಕ್ಕ ಬಾಗಿಲು ಮುಚ್ಚುತ್ತಿರುತ್ತಾಳೆ ಎನಿಸಿತು. ಚನ್ನಬಸಪ್ಪನನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಅವನು ಒಂದು ಹಾಸ್ಯವನ್ನೂ ಆಡದೆ ಅಂದೇ ಬಂಡಿ ಹೂಡಿದ. ನಾಲ್ಕು ದಿನದ ಮೇಲೆ ಒಬ್ಬನೇ ಮರಳಿ ಬಂದ.

"ಆಕಿ ಬರೂದಿಲ್ಲರೀ. 'ನನ್ನ ತಮ್ಮನ ಬಳಿ ರೋಗ ಇರಬಹುದು, ನಂದು ಗುರು ಕೊಟ್ಟದ್ದು. ನನಗ ಹೌದು ಅಂತ ಹೇಳಿದಾಂವ ಅಂವಾ. ಅಲ್ಲ ಅಂತ ಹೇಳೂದಿದ್ರ ಅಂವಾನೇ ಬಂದು ಹೇಳ್ಲಿ' ಅಂದ್ಳು. ನನಗ ಒಂದ ಲೋಟ ನೀರೂ ಕೊಡ್ಲಿಲ್ಲ ನೋಡ್ರಿ."

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಸಾಹೇಬರ ಅಂಗಿಯ ಗುಂಡಿ, ಆಮೇಲೆ ಗೌರಮ್ಮನ ಮೂಗುತಿ. ಇದ್ದದ್ದು ಉಳಿದಿತ್ತು. ಅಕ್ಕನ ವಿಷಯ ಹೇಳಿದಾಗ ಸಾಹೇಬರು ಸಣ್ಣ ಸೀಸೆಯೊಂದನ್ನು ಕೊಟ್ಟರು. "ಸಂಜೀಕ ಬಳಿ ಬಂದಾಗ ಒಂದ ಕಣ್ಣಿಗೆ ಒಂದ ಹನಿ. ತಾಸು ಕಾಯ್ರಿ. ಆ ಕಣ್ಣಿನ ಬಳಿ ಹೋದ್ರ ಅದು ನನ್ನ ಇಲಾಖೆದು, ಇಲ್ಲಿಗೆ ಕರಕೊಂಡು ಬರ್ರಿ. ಹೋಗಲಿಲ್ಲಂದ್ರ ನಿಮ್ಮ ಇಲಾಖೆದು. ನಾನೇ ಬಂದು ಸಲಾಂ ಮಾಡ್ತೀನಿ."

ನಿಲಂಗಾದಲ್ಲಿ ಅಕ್ಕ ನನ್ನನ್ನು ಒಳಗೆ ಕರೆದಳು, ಆದರೆ ಕಾಲಿಗೆ ನೀರು ಕೊಡುವಾಗ ಮುಖ ನೋಡಲಿಲ್ಲ. ಅವಳ ಕೋಣೆಯ ಕಿಟಕಿಗೆ ಹಳೆಯ ಇಳಕಲ್ಲ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದಳು.

"ಅವತ್ತು ನನ್ನ ಕೈ ಕಣ್ಣಿಗೊತ್ಕೊಂಡು ಅತ್ತಿ. ಅದು ಸುಳ್ಳೇನು?"

"ಸುಳ್ಳಲ್ಲ ಅಕ್ಕಾ. ತಿಳೀದೆ ಹೇಳಿದೆ. ಈಗ ತಿಳದು ಸುಮ್ಮ ಕೂತ್ರ ಸುಳ್ಳಾಗ್ತದ."

"ಐವತ್ತು ವರ್ಷ ಒಲಿ ಮುಂದ ಕೂತಾಕಿಗೆ ಒಂದ ಸಲ ದೇವರು ಬಂದಾನ ಅಂತ ತಿಳಕೊಂಡಿದ್ದೆ. ಅದನ್ನೂ ಕಸಗೊಳ್ಳಾಕ ಬಂದಿಯೇನು? ಭಾರೀ ಪಂಡಿತ!"

ಸೀಸೆಯನ್ನು ಅವಳ ಮುಂದಿಟ್ಟು, ಸಾಹೇಬರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಂಜೆಯಾಯಿತು. ಅವಳೇ ದೀಪ ಹಚ್ಚಿ, ಬಾಗಿಲು ಹಾಕಿ ಕುಳಿತಳು. "ಬಂದದ" ಎಂದಳು. "ಎರಡೂ ಕಣ್ಣಾಗ." ಗೌರಮ್ಮ ಅವಳ ಬಲಗಣ್ಣಿಗೆ ಒಂದು ಹನಿ ಬಿಟ್ಟಳು.

ಆ ಒಂದು ತಾಸಿನಷ್ಟು ದೀರ್ಘವಾದ ಕಾಲವನ್ನು ನಾನು ಪಟ್ಟಿಯೊಳಗಿನ ಹತ್ತು ದಿನಗಳಲ್ಲಿಯೂ ಕಂಡಿಲ್ಲ. ಬಳೆ ಹೋಗಲಿ ಎಂದು ಬೇಡಬೇಕೋ, ಉಳಿಯಲಿ ಎಂದು ಬೇಡಬೇಕೋ ತಿಳಿಯದೆ ಗುರುವಿನ ಹೆಸರೊಂದನ್ನೇ ಹಿಡಿದು ಕುಳಿತೆ. ಹೋದರೆ ಅವಳ ದರ್ಶನ ಹೋದಂತೆ. ಉಳಿದರೆ ಅವಳು ಈ ಕೋಣೆಯಿಂದ ಏಳಲಾರಳು. ಕೊನೆಗೆ ಅವಳು ಎಡಗಣ್ಣನ್ನು ಕೈಯಿಂದ ಮುಚ್ಚಿ ದೀಪ ನೋಡಿದಳು. ಕೈ ಬದಲಿಸಿ ಬಲಗಣ್ಣನ್ನು ಮುಚ್ಚಿ ನೋಡಿದಳು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು.

"ಹನಿ ಹಾಕಿದ ಕಣ್ಣಾಗ ಬರೀ ದೀಪ ಅದ" ಎಂದಳು. ಆಮೇಲೆ ಯಾರಿಗೋ ಲೆಕ್ಕ ಒಪ್ಪಿಸುವವಳಂತೆ ನಿಧಾನವಾಗಿ ಹೇಳಿದಳು: "ದೇವರು ಒಂದ ಹನಿ ಔಷಧಕ್ಕ ಓಡಿ ಹೋಗಾಂವಲ್ಲ. ಓಡಿ ಹೋಗಿದ್ದು ಬ್ಯಾರೆ."

ಎದ್ದು, ಕಿಟಕಿಗೆ ಕಟ್ಟಿದ್ದ ಸೀರೆಯ ಗಂಟನ್ನು ತಾನೇ ಬಿಚ್ಚಿದಳು.

ಅವಳ ರೋಗ ಹೊಸದಾಗಿದ್ದುದರಿಂದ ಸಾಹೇಬರು ಸಮಯಕ್ಕೆ ಸರಿಯಾಗಿ ಕೊಯ್ದರು. ಎರಡು ಕಣ್ಣುಗಳೂ ಉಳಿದವು. ಇಂದಿಗೂ ತೊಗರಿಬೇಳೆಯ ಕಲ್ಲು ಆರಿಸುತ್ತಾಳೆ, ನಮ್ಮಲ್ಲಿಗೆ ಬಂದಾಗಲೆಲ್ಲ ನನ್ನ ಪ್ರತಿಗಳ ಹೊಲಿಗೆಗೆ ಸೂಜಿ ಪೋಣಿಸಿ ಕೊಡುತ್ತಾಳೆ. ಉಮರಗಾಕ್ಕೆ ಮರಳಿದ ಮೊದಲ ಸೋಮವಾರ, ಪಾದ ಮುಟ್ಟಲು ಬಂದವರನ್ನು ಕೂಡಿಸಿಕೊಂಡು ನಡೆದುದನ್ನೆಲ್ಲ ಹೇಳಿದೆ. ಕೆಲವರು ಮತ್ತೆ ಬರಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಮಾತ್ರ ಜನ ಚದುರಿದ ಮೇಲೆ ಹತ್ತಿರ ಬಂದು, ದೀಪದ ಬಳೆಯ ವಿಷಯವನ್ನು ಮೆಲ್ಲಗೆ ಮತ್ತೊಮ್ಮೆ ಕೇಳಿದರು. ಚನ್ನಬಸಪ್ಪ ಅವರಿಗಾಗಿ ಬಂಡಿ ಕಟ್ಟಿದ.

ಹೋದ ಶ್ರಾವಣದಲ್ಲಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಸಂಜೆ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ದೊಡ್ಡ ಬತ್ತಿಯ ದೀಪವಿಟ್ಟು, ಇಬ್ಬರೂ ಎದುರುಬದುರಾಗಿ ಪೂಜೆಗೆ ಕುಳಿತೆವು. ಗಾಳಿಗೆ ಕುಡಿ ಅಲ್ಲಾಡಿತು; ಮುಪ್ಪಿಗೆ ನನ್ನ ಅಂಗೈಯೂ ಅಲ್ಲಾಡಿತು. ಅವಳು ಒಂದು ಕೈ ಚಾಚಿ ನನ್ನ ಅಂಗೈಯ ಕೆಳಗೆ ಹಿಡಿದಳು.

"ಏನ್ ಕಾಣಸ್ತದ ತಮ್ಮಾ?"

"ಲಿಂಗ ಕಾಣಸ್ತದ. ಅದರೊಳಗ ದೀಪ."

"ಸುತ್ತ?"

"ಏನೂ ಇಲ್ಲ ಅಕ್ಕಾ."

"ನನಗೂ ಅಷ್ಟೇ" ಎಂದು, ಅವಳು ತನ್ನ ಅಂಗೈಯ ಕಡೆಗೆ ದೃಷ್ಟಿ ತಿರುಗಿಸಿದಳು. ನನ್ನ ಅಂಗೈಯ ಕೆಳಗಿದ್ದ ಕೈಯನ್ನು ತೆಗೆಯಲಿಲ್ಲ.